ಉಡಿಯೊಳಗೆ ಹೋದ ಬೆಲ್ಲ

ಹೋದ ಸೋಮವಾರ ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಮಕ್ಕಳ ಕಳ್ಳಿ ಎಂದು ಜನ ಸುತ್ತುವರಿದಿದ್ದರು.

ತಮಾಷೆ ಮಾಡುತ್ತಿಲ್ಲ. ಚಹಾ ಕುಡಿಯುತ್ತ ನಿಂತಿದ್ದೆ. ಬೀಳಗಿ ಬಸ್ಸಿನ ಕಡೆ ಒಬ್ಬ ಹೆಂಗಸು ಅವಸರದಿಂದ ಹೋಗುತ್ತಿದ್ದಳು. ಎತ್ತರದ ಆಳು. ಹೆಗಲ ಮೇಲೆ ಎಳೆಗೂಸು. ನಡೆಯುವಾಗ ಎಡಗಾಲನ್ನು ತುಸು ಎಳೆಯುತ್ತಿದ್ದಳು. ಅಷ್ಟೇ ಸಾಕಾಯಿತು. ಕಪ್ಪನ್ನು ಕಟ್ಟೆಯ ಮೇಲಿಟ್ಟು ಅವಳ ಬೆನ್ನು ಹತ್ತಿದೆ. ಅವಳು ಹೆಜ್ಜೆ ಜೋರು ಮಾಡಿದಳು, ನಾನೂ ಜೋರು ಮಾಡಿದೆ. ಕೊನೆಗೆ ಗಕ್ಕನೆ ತಿರುಗಿ ನಿಂತಳು.

"ಯಾಕ್ರೀ ಅಕ್ಕಾರ, ಆಗಿಂದ ನೋಡಾಕತ್ತೇನಿ, ನನ್ನ ಬೆನ್ನ ಹತ್ತೀರಿ?"

ಮುಖ ಬೇರೆ. ಇವಳು ಅವಳಲ್ಲ. ಅಲ್ಲಿಗೆ ಸುಮ್ಮನಾಗಬೇಕಿತ್ತು. ನಾನು ಸುಮ್ಮನಾಗದೆ, "ಏನಿಲ್ಲವಾ... ಕೂಸು ಆರಾಮ ಐತಿ?" ಎಂದುಬಿಟ್ಟೆ.

ಮುಗಿಯಿತು. ಆಕೆ ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಜನ ಸೇರಿದರು. "ಈಗೀಗ ಕನ್ನಡಕ ಗಿನ್ನಡಕ ಹಾಕ್ಕೊಂಡ ಬರ್ತಾರ ನೋಡ್ರಿ ಕಳ್ಳರು" ಎಂದ ಪಾನಂಗಡಿಯವ. ನನ್ನ ಪುಣ್ಯ, ನಮ್ಮ ಕಾಲೇಜಿನ ಹುಡುಗಿಯೊಬ್ಬಳು ಅಲ್ಲಿದ್ದಳು. "ಏ, ನಮ್ಮ ಎಕನಾಮಿಕ್ಸ್ ಮೇಡಂ ಅದಾರ್ರೀ ಅವರು" ಎಂದು ಬಿಡಿಸಿದಳು. (ಮರುದಿನ ಅದೇ ಹುಡುಗಿಯ ಎದುರು ಬೇಡಿಕೆ, ಪೂರೈಕೆ ಎಂದು ಪಾಠ ಮಾಡುವಾಗ ನನ್ನ ಮುಖ ಹೇಗಿತ್ತೋ!)

ಆರು ತಿಂಗಳಿಂದ ನಾನು ಹೀಗೆಯೇ. ಎತ್ತರದ, ಎಡಗಾಲು ಎಳೆದು ನಡೆಯುವ ಒಬ್ಬ ಹೆಂಗಸನ್ನು ಹುಡುಕುತ್ತಿದ್ದೇನೆ. ಅವಳ ಹೆಸರು ಗೊತ್ತಿಲ್ಲ. ಅವಳು ಬಸುರಿಯಾಗಿದ್ದಳು. ಅವಳ ಉಡಿಯಲ್ಲಿ ನಮ್ಮ ಅತ್ತೆ ತನ್ನ ಕೈಯಾರೆ ಹಾಕಿದ ಬೆಲ್ಲವಿತ್ತು. ಆ ಬೆಲ್ಲದಲ್ಲಿ ವಿಷ ಬಿದ್ದಿತ್ತು.

ಇಷ್ಟು ವಾರ ಈ ಅಂಕಣದಲ್ಲಿ ಏನೇನೋ ಬರೆದೆ. ಇದನ್ನು ಬರೆಯಲು ಕೈ ಬರಲಿಲ್ಲ. ಇವತ್ತು ಬರೆಯುತ್ತೇನೆ. ಯಾರು ಬಲ್ಲರು, ಓದಿದವರು ಯಾರಾದರೂ ಅವಳನ್ನು ಬಲ್ಲವರಿದ್ದರೆ?

ಚಿಮ್ಮಡದ ರಸ್ತೆ ಬದಿಗೆ ನಮ್ಮ ಮಾಮಾನ ಗಾಣವಿದೆ. ಮಾಮಾ ಎಂದರೆ ನನ್ನ ಅವ್ವನ ಅಣ್ಣ, ಅತ್ತೆ ಅವನ ಹೆಂಡತಿ. ಗಾಣ ಎಂದರೆ ಒಂದು ತಗಡಿನ ಶೆಡ್ಡು, ಕಬ್ಬು ಅರೆಯುವ ಮಷೀನು, ಒಲೆಯ ಮೇಲೊಂದು ದೊಡ್ಡ ಕಡಾಯಿ. ಸುತ್ತಲಿನವರೆಲ್ಲ ಕಬ್ಬನ್ನು ಸಕ್ಕರೆ ಕಾರ್ಖಾನೆಗೆ ಕಳಿಸಿ ನಿರುಮ್ಮಳವಾಗಿದ್ದಾರೆ. ಮಾಮಾ ಮಾತ್ರ ಇನ್ನೂ ಒಂದಷ್ಟು ಕಬ್ಬು ಉಳಿಸಿಕೊಂಡು ಬೆಲ್ಲ ಮಾಡುತ್ತಾನೆ. ಯಾಕೆ ಎಂದು ಕೇಳಿದರೆ, "ಕಾರ್ಖಾನ್ಯಾಗ ಯಾರರ ಬಾ, ಬಿಸಿ ಬೆಲ್ಲ ತಿನ್ನು ಅಂತಾರೇನ?" ಎನ್ನುತ್ತಾನೆ.

ಆ ಬಿಸಿ ಬೆಲ್ಲ! ಬರೆಯುವಾಗಲೇ ಬಾಯಿ ಒದ್ದೆಯಾಗುತ್ತದೆ. ನಾವು ಸಣ್ಣವರಿದ್ದಾಗ ಕಬ್ಬಿನ ತುಂಡನ್ನು ಪಾಕದಲ್ಲಿ ಅದ್ದಿ ಕೊಡುತ್ತಿದ್ದರು. ಸುಡುವುದು, ಆದರೂ ಬಿಡಲಾಗದು. ಮೈಯೆಲ್ಲ ಸಿಹಿ ಹೊಗೆಯ ವಾಸನೆ. ಮನೆಗೆ ಬಂದು ಜಳಕ ಮಾಡಿಸಿದರೂ ಕೂದಲಲ್ಲಿ ಅದು ಹಾಗೇ ಇರುತ್ತಿತ್ತು. ಆಗ ಯಾರಾದರೂ ಏನಾದರೂ ಕೊಟ್ಟರೆ ಕೈ ಮುಂದೆ ಹೋಗುತ್ತಿತ್ತು, ಅಷ್ಟೇ. ಮೂಸಿ ನೋಡುವುದು ಎಂಬುದೊಂದಿದೆ ಎಂದೇ ನಮಗೆ ಗೊತ್ತಿರಲಿಲ್ಲ.

ಮಾಮಾನ ಮನೆಯಲ್ಲಿ ಒಂದು ಪದ್ಧತಿ. ಹಂಗಾಮಿನ ಮೊದಲ ಕಡಾಯಿ ಬೆಲ್ಲ ಮಾರುವುದಿಲ್ಲ. ಓಣಿಗೆ ಹಂಚುತ್ತಾರೆ, ಗುಡಿಗೆ ಕೊಡುತ್ತಾರೆ, ದಾರಿಯಲ್ಲಿ ಹೋಗುವವರನ್ನು ಕರೆದು ಕೊಡುತ್ತಾರೆ. ಆ ದಿನಕ್ಕೆ ನಾನು ಜಮಖಂಡಿಯಿಂದ ತಪ್ಪದೆ ಹೋಗುತ್ತೇನೆ. ಈ ಸಲವೂ ಹೋಗಿದ್ದೆ.

ಇನ್ನೊಂದು ವಿಷಯ ನಿಮಗೆ ಗೊತ್ತಿರಬೇಕು. ಕಬ್ಬಿನ ರಸ ಕುದಿಯುವಾಗ ಬುರುಗು ಉಕ್ಕಿ ಕಡಾಯಿ ದಾಟಲು ಬರುತ್ತದೆ. ಆಗ ಒಂದಿಷ್ಟು ಎಣ್ಣೆ ಹಾಕಿದರೆ ಬುರುಗು ತಣ್ಣಗೆ ಕೂರುತ್ತದೆ. ಅದಕ್ಕೆಂದೇ ಒಲೆಯ ಪಕ್ಕದ ಕಂಬದ ಮೊಳೆಗೆ ಶೇಂಗಾ ಎಣ್ಣೆಯ ಪ್ಲಾಸ್ಟಿಕ್ ಕ್ಯಾನ್ ಒಂದು ಸದಾ ತೂಗುತ್ತಿರುತ್ತದೆ.

(ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ಬೆಳೆಗೆ ಸಿಂಪಡಿಸುವ ಕೀಟನಾಶಕಕ್ಕೂ ನಮ್ಮಲ್ಲಿ ಎಣ್ಣಿ ಎಂದೇ ಹೆಸರು. ಬದನೆಗಿಡಕ್ಕೆ ಎಣ್ಣಿ ಹೊಡೆಯುತ್ತೇವೆ. ಅದೇ ಬದನೆಕಾಯಿಯನ್ನು ಎಣ್ಣಿಯಲ್ಲಿ ಎಣಗಾಯಿ ಮಾಡಿ ತಿನ್ನುತ್ತೇವೆ. ಎರಡಕ್ಕೂ ಒಂದೇ ಮಾತು. ಇಷ್ಟು ವರ್ಷ ನಮಗದು ವಿಚಿತ್ರ ಅನಿಸಿಯೇ ಇರಲಿಲ್ಲ.)

ಆ ಮೊದಲ ಕಡಾಯಿ ಇಳಿದು, ಬೆಲ್ಲ ಆರಿ, ಹಂಚಿಕೆ ನಡೆದಿತ್ತು. ರಸ್ತೆಯಲ್ಲಿ ಜಮಖಂಡಿ ಕಡೆ ಹೊರಟ ಒಂದು ಟಂಟಂ ಆಟೋ ನಿಂತಿತು. ಡ್ರೈವರ್ ಕಬ್ಬಿನ ಹಾಲು ಕುಡಿಯಲು ಇಳಿದ. ಹಿಂದೆಯೇ ಒಬ್ಬ ಎತ್ತರದ ಹೆಂಗಸು, ಅವಳ ಜೊತೆ ಒಬ್ಬ ಮುದುಕಿ. ಎಡಗಾಲು ಎಳೆಯುತ್ತ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದಳು. ಅತ್ತೆಯ ಕಣ್ಣು ಅಲ್ಲೇ ಹೋಯಿತು.

"ಎಷ್ಟ ತಿಂಗಳವಾ?"

"ಏಳ್ರಾಗ ಬಿದ್ದೇತ್ರಿ."

"ಯಾವೂರು?"

ಅವಳು ಊರ ಹೆಸರು ಹೇಳಿ ನಕ್ಕಳು. "ಈಗ ಊರ ಇಲ್ಲೇಳ್ರಿ. ಡ್ಯಾಮಿನ ಹಿನ್ನೀರಾಗ ಹೋಗೇತಿ. ನಮ್ಮ ಮನ್ಯಾಗ ಮೀನ ಸಂಸಾರ ಮಾಡಾಕತ್ತಾವು."

ಎಲ್ಲರೂ ನಕ್ಕೆವು. ಅತ್ತೆಗೆ ಆ ಹುಡುಗಿ ಬಹಳ ಹಿಡಿಸಿಬಿಟ್ಟಳು. ಬಸುರಿ ಹೆಣ್ಣು ಗಾಣಕ್ಕೆ ಬಂದು ಬರಿಗೈಲಿ ಹೋಗುವುದೆಂದರೇನು? "ಉಡಿ ಹಿಡಿ" ಎಂದಳು. ಅವಳು ಸೆರಗು ಹಿಡಿದಳು. ಅತ್ತೆ ತನ್ನ ಸಂಚಿಯಿಂದ ಎಲೆ ಅಡಿಕೆ ತೆಗೆದಿಟ್ಟು, ಮೇಲೆ ಎರಡು ಕೈ ತುಂಬ ಬೆಲ್ಲ ಹಾಕಿದಳು.

"ನೀ ಒಬ್ಬಾಕಿನ ತಿನಬೇಕ ನೋಡು. ಯಾರಿಗೂ ಕೊಡಬ್ಯಾಡ. ಕೂಸಿನ ಹೆಸರಿಲೆ ಕೊಟ್ಟೇನಿ."

"ಹೂನ್ರಿ ಯವ್ವಾ" ಎಂದಳು ಅವಳು. ಟಂಟಂ ಹೋಯಿತು.

ಎರಡನೇ ಕಡಾಯಿ ಉಕ್ಕಲು ಶುರುವಾದ ಹೊತ್ತಿಗೆ ಪಕ್ಕದ ಹೊಲದ ಸಂಗಪ್ಪ ಬಂದ. ಬೆನ್ನ ಮೇಲೆ ಔಷಧ ಸಿಂಪಡಿಸುವ ಪಂಪು. ಮಾಮಾ, ಅತ್ತೆಯರನ್ನು ಅವನು ಕಾಕಾ, ಕಾಕು ಎಂದೇ ಕರೆಯುವುದು.

"ಕಾಕು, ನನ್ನ ಎಣ್ಣಿ ಎಲ್ಲೈತ್ರಿ?"

"ಯಾವ ಎಣ್ಣಿಯೋ?"

"ನಿನ್ನಿ ಹೇಳಿ ಹೋಗಿದ್ನೆಲ್ರಿ. ನಿಮ್ಮ ಕ್ಯಾನ್ ಒಯ್ದಿದ್ದೆ, ಹೊಳ್ಳಿ ತಂದ ಮೊಳಿಗೆ ಹಾಕೇನಿ, ಅದರಾಗ ಇನ್ನೊಂದೀಟ ಎಣ್ಣಿ ಐತಿ, ಚೆಲ್ಲಬ್ಯಾಡ್ರಿ ಅಂತ."

"ಚೆಲ್ಲಿಲ್ಲಪಾ. ಅದರ ಮ್ಯಾಲ ನಮ್ಮ ಎಣ್ಣಿ ಸುರುವೇನಿ. ಯಾಕ, ತಿನ್ನೂದಲ್ಲೇನದು?"

ಮಷೀನು ಓಡುತ್ತಿತ್ತು. ಸಂಗಪ್ಪನ ತುಟಿ ಅಲುಗಿದ್ದಷ್ಟೇ ನನಗೆ ಕಂಡಿತು. ಆಮೇಲೆ ಕೇಳಿಸಿತು.

"ಹೊಡ್ಯೂದ್ರೀ ಅದು."

ಈ ಆರು ತಿಂಗಳಲ್ಲಿ ಆ ಎರಡು ಮಾತು ನನ್ನ ಕಿವಿಯಲ್ಲಿ ಎಷ್ಟು ಸಲ ಬಿದ್ದಿದೆಯೋ. ಬೋರ್ಡಿನ ಮೇಲೆ ಬರೆಯುತ್ತಿರುತ್ತೇನೆ, ಕೇಳಿಸುತ್ತದೆ. ಅನ್ನಕ್ಕೆ ಒಗ್ಗರಣೆ ಹಾಕುತ್ತಿರುತ್ತೇನೆ, ಕೇಳಿಸುತ್ತದೆ. ಸಂಗಪ್ಪ ಮುಚ್ಚಿಡಲಿಲ್ಲ. ಹಿಂದಿನ ದಿನವೇ ಬಾಯಿಬಿಟ್ಟು ಹೇಳಿ ಹೋಗಿದ್ದ. ಅತ್ತೆ ಕಿವಿಗೊಟ್ಟು ಕೇಳಿದ್ದಳು. ಅವನು ಹೇಳಿದ ಎಣ್ಣಿಯೇ ಬೇರೆ, ಅವಳು ಕೇಳಿದ ಎಣ್ಣಿಯೇ ಬೇರೆ.

ವಾಸನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಒಲೆಯ ಹೊಗೆಗೆ ಅತ್ತೆ ಮೂಗಿಗೆ ಸೆರಗು ಕಟ್ಟಿಕೊಂಡೇ ಕೆಲಸ ಮಾಡುವುದು. ವಿಷ ತಳದಲ್ಲಿ ಒಂದಿಷ್ಟು, ಮೇಲೆ ಕ್ಯಾನ್ ತುಂಬ ಶೇಂಗಾ ಎಣ್ಣೆ. ಬಣ್ಣವೂ ಹೆಚ್ಚು ಕಡಿಮೆ ಅದೇ. ಬೆಲ್ಲ ತಿಂದ ನಮ್ಮ ಯಾರ ನಾಲಿಗೆಗೂ ಏನೂ ಗೊತ್ತಾಗಿರಲಿಲ್ಲ. ಸಿಹಿಯಾಗಿತ್ತು. ಅಷ್ಟು ಚೆಂದದ ಬೆಲ್ಲ ಹೋದ ವರ್ಷ ಆಗಿರಲಿಲ್ಲ ಎಂದು ನಾನೇ ಹೇಳಿದ್ದೆ!

ಮಾಮಾ ಒಲೆಯೊಳಗಿನ ಬೆಂಕಿಯನ್ನು ಹೊರಗೆಳೆದು ನೀರು ಸುರಿದ. "ಯಾರ್ಯಾರಿಗೆ ಕೊಟ್ಟೀಯ?" ಎಂದು ಅತ್ತೆಯನ್ನು ಕೇಳಿದ. ಅವಳು ಒಂದೊಂದೇ ಮನೆ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ನಿಂತಳು.

"ಮಾಮಾ, ಮೊದಲ ಆ ಟಂಟಂ ಹಿಡೀಬೇಕು" ಎಂದೆ ನಾನು. "ಗಾಡಿ ತಗಿ."

"ಬ್ಯಾಡ!" ಅತ್ತೆ ಚೀರಿದಳು. "ಬಸುರಿ ಉಡಿಯಾಗ ಹಾಕಿದ್ದ ಹೊಳ್ಳಿ ಬೇಡತೀರೇನ? ಉಡಿ ಖಾಲಿ ಮಾಡಿಸತೀರೇನ ಅಕಿದು? ಕೂಸಿಗೆ ಏನರ ಆತಂದ್ರ?"

"ತಿಂದ್ರ ಏನರ ಆಗೂದಿಲ್ಲೇನು ಅತ್ತಿ?"

ಅತ್ತೆ ಮಾಮಾನ ಗಾಡಿಯ ಹ್ಯಾಂಡಲ್ ಹಿಡಿದು ಅಡ್ಡ ನಿಂತಳು. ಮಾಮಾ ಒಮ್ಮೆ ರಸ್ತೆ ನೋಡಿದ, ಒಮ್ಮೆ ಊರು ನೋಡಿದ. "ಊರಾಗ ಸಣ್ಣ ಹುಡುಗ್ರ ಭಾಳ ಅದಾವು. ಮೊದಲ ಊರಿಗೆ ಹೋಗೂಣು" ಎಂದ. ಅದೂ ಸುಳ್ಳಲ್ಲ. ಆ ಕ್ಷಣ ನೀವಿದ್ದರೆ ಯಾವ ಕಡೆ ಗಾಡಿ ತಿರುಗಿಸುತ್ತಿದ್ದಿರಿ? ನಾನು ಈಗಲೂ ಎರಡೂ ಕಡೆ ತಿರುಗಿಸಿ ತಿರುಗಿಸಿ ನೋಡುತ್ತಿರುತ್ತೇನೆ.

ಊರಿಗೆ ಹೋದೆವು. ಕೊಟ್ಟಿದ್ದನ್ನು ಮನೆಮನೆಗೆ ಹೋಗಿ ವಾಪಸ್ ಕೇಳುವುದು! ದೊಡ್ಡ ಕಂಪನಿಗಳು ಹೀಗೆ ಮಾಲು ವಾಪಸ್ ಕರೆಸಿಕೊಳ್ಳುತ್ತವಂತೆ, ಅದಕ್ಕೆ ರೀಕಾಲ್ ಎನ್ನುತ್ತಾರಂತೆ. ಪೇಪರಿನಲ್ಲಿ ಜಾಹೀರಾತು ಕೊಟ್ಟರೆ ಮುಗಿಯಿತು. ನಮ್ಮ ರೀಕಾಲ್ ಎಂದರೆ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ ಮಾಮಾ.

ಓಣಿಯ ಹಿರಿಯಳು ಗಂಗವ್ವಜ್ಜಿ ಕಟ್ಟೆಯ ಮೇಲೆಯೇ ಕೂತಿದ್ದಳು. "ಏನೋ, ಕೊಟ್ಟ ಬೆಲ್ಲ ಕಸಗೊಳ್ಳಾಕ ಬಂದೀ? ಸಂತ್ಯಾಗ ರೇಟ್ ಏರೇತೇನ?"

"ಇಲ್ಲಬೇ ಯವ್ವಾ. ಅದರಾಗ ಹೊಡ್ಯೂ ಎಣ್ಣಿ ಕೂಡೇತಿ."

ಅಜ್ಜಿಯ ನಗು ಅಲ್ಲೇ ನಿಂತಿತು. "ನೀ ತಿಂದಿಯೇನು?"

"ತಿಂದೇನಿ."

"ಈ ಸಾಲಿ ಕಲಿತಾಕಿ?"

"ನಾನೂ ತಿಂದೇನಿ ಆಯಿ."

"ಹಂಗಾರ ಬಯ್ಯಾಂಗಿಲ್ಲ ಬಿಡು" ಎಂದು ಎದ್ದಳು. ಒಳಗೆ ಸೊಸೆ ಹುಗ್ಗಿಗೆ ಅದೇ ಬೆಲ್ಲ ಹಾಕಿ ಒಲೆಯ ಮೇಲಿಟ್ಟಿದ್ದಳು. ಅಜ್ಜಿ ಪಾತ್ರೆಯನ್ನು ತಾನೇ ಎತ್ತಿಕೊಂಡು ಬಂದಳು. ಆಮೇಲೆ ಮುಂದಿನ ಮನೆಗಳಿಗೆ ನಮಗಿಂತ ಮೊದಲು ಅವಳೇ ಹೋಗಿ ಕೂಗಿದಳು. "ಬಾಯಾಗಿಂದ ಉಗಳ್ರ್ಯೋ, ಆಮ್ಯಾಲ ಮಾತಾಡೂಣು!" ಊರಲ್ಲಿ ಹಂಚಿದ್ದಷ್ಟೂ ಬಂತು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಅದಕ್ಕೇ ಮಾಮಾ ಅತ್ತಿದ್ದು.

ಜಮಖಂಡಿ ಮುಟ್ಟಿದಾಗ ಆ ಟಂಟಂ ಡ್ರೈವರ್ ಸ್ಟ್ಯಾಂಡಿನ ಹೊರಗೇ ಸಿಕ್ಕ. "ಆಗಲೇ ಬೀಳಗಿ ಬಸ್ ಹತ್ತಿಸೇನ್ರಿ ಅವರನ್ನ" ಎಂದ. ನಾವು ಕಾರು ಬಾಡಿಗೆ ಮಾಡಿಕೊಂಡು ಬೀಳಗಿಗೂ ಹೋದೆವು. ಬಸ್ ಖಾಲಿ ನಿಂತಿತ್ತು.

ಡಾಕ್ಟರು ನಮ್ಮೆಲ್ಲರನ್ನೂ ನೋಡಿದರು. ಯಾರಿಗೂ ಏನೂ ಆಗಿರಲಿಲ್ಲ. "ಅಷ್ಟ ದೊಡ್ಡ ಕಡಾಯಿಗೆ ಒಂದೀಟ ಬಿದ್ದೇತಿ, ಹೆದರಬ್ಯಾಡ್ರಿ" ಎಂದರು. ಬಸುರಿ ಹೆಣ್ಣಿನ ವಿಷಯ ಹೇಳಿದೆವು. ಅವರು ಪೆನ್ನು ಕೆಳಗಿಟ್ಟರು. "ಅದರ ಬಗ್ಗೆ ನಾ ಏನೂ ಹೇಳಲಾರೆ ನೋಡ್ರಿ. ಆ ಬೆಲ್ಲದಾಗ ಎಷ್ಟ ಇತ್ತು ಅನ್ನೂದ ಗೊತ್ತಾಗಬೇಕು." ಬೆಲ್ಲವನ್ನು ಲ್ಯಾಬಿಗೆ ಕಳಿಸೋಣವೆಂದು ವಾಪಸ್ ಬಂದರೆ, ಅತ್ತೆ ಅಷ್ಟರಲ್ಲಿ ಆಳಿನಿಂದ ತಗ್ಗು ತೋಡಿಸಿ ಎಲ್ಲವನ್ನೂ ಹುಗಿಸಿದ್ದಳು. ಕ್ಯಾನ್ ಸಹಿತ. ಮಣ್ಣಿನಲ್ಲಿ ಕಲೆತುಹೋದದ್ದನ್ನು ಯಾವ ಲ್ಯಾಬಿಗೆ ಒಯ್ಯುವುದು? ಆ ಉಡಿಯಲ್ಲಿ ಎಷ್ಟು ವಿಷ ಹೋಯಿತೆಂದು ಇನ್ನು ಯಾರೂ ಹೇಳುವಂತಿಲ್ಲ.

ಆಮೇಲೆ ನಾನು ಮತ್ತು ಮಾಮಾ ಬೀಳಗಿ ತಾಲೂಕು ಸುತ್ತಿದೆವು. ಅವಳು ಹೇಳಿದ ಊರು ನೀರೊಳಗಿದೆ. ಊರಿನವರು ಮೂರ್ನಾಲ್ಕು ಪುನರ್ವಸತಿ ಕೇಂದ್ರಗಳಲ್ಲಿ ಹಂಚಿಹೋಗಿದ್ದಾರೆ. ಕೆಲವರು ಬಾಡಗಂಡಿ ಕಡೆ ಕಬ್ಬಿನ ಕೆಲಸಕ್ಕೆ ಹೋಗಿ ಅಲ್ಲೇ ಉಳಿದಿದ್ದಾರೆ. ಒಂದೇ ಅಳತೆಯ ಸೈಟುಗಳು, ಒಂದೇ ಥರದ ರಸ್ತೆಗಳು. "ಎತ್ತರದಾಕಿ, ಕಾಲ ಎಳೀತಾಳ" ಎಂದರೆ, "ಯಾರ ಪೈಕಿ?" ಎನ್ನುತ್ತಾರೆ. ಯಾರ ಪೈಕಿಯೋ ನಮಗೇನು ಗೊತ್ತು? ಅವಳು ತವರಿಗೆ ಹೊರಟಿದ್ದಳೋ, ಗಂಡನ ಮನೆಗೋ, ಅದೂ ಗೊತ್ತಿಲ್ಲ.

ಹೋದ ಹೋದ ಮನೆಯಲ್ಲಿ ಏನು ಕೊಟ್ಟರು ಗೊತ್ತೇ? ಬಿಸಿಲಿನಲ್ಲಿ ಬಂದವರಲ್ಲವೇ ನಾವು? ಒಂದು ತಂಬಿಗೆ ನೀರು, ಜೊತೆಗೊಂದು ಬೆಲ್ಲದ ತುಂಡು. ಬೆಲ್ಲ ಹುಡುಕಿಕೊಂಡು ಹೋದವರ ಅಂಗೈಗೆ ಮನೆಮನೆಯಲ್ಲೂ ಬೆಲ್ಲ! ಮಾಮಾ ಪ್ರತಿಸಲವೂ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ನಾನು ನೀರು ಮಾತ್ರ ಕುಡಿದೆ. ಬೆಲ್ಲ ಪರ್ಸಿನಲ್ಲಿ ಅಂಟುತ್ತಾ ಉಳಿಯಿತು. ಒಮ್ಮೆ ಎಷ್ಟು ಆಸೆಯಾಯಿತೆಂದರೆ, ಬಸ್ಸಿನಲ್ಲಿ ಹೊರತೆಗೆದೆ. ಮೂಸಿದೆ. ಮತ್ತೆ ಮೂಸಿದೆ. ಮತ್ತೆ ಒಳಗಿಟ್ಟೆ.

ಹಂಗಾಮು ಮುಗಿದ ಮೇಲೆ ಮುಧೋಳದಲ್ಲಿ ಗಾಣದವರಿಗೊಂದು ತರಬೇತಿಯಿತ್ತು. ಮಾಮಾ ನನ್ನನ್ನೂ ಕರೆದೊಯ್ದ. ಆಹಾರ ಇಲಾಖೆಯ ಅಧಿಕಾರಿಯೊಬ್ಬರು ಬಹಳ ಶ್ರದ್ಧೆಯಿಂದ ಹೇಳಿದರು. ತಿನ್ನುವ ಪದಾರ್ಥ ತಯಾರಿಸುವ ಜಾಗದಲ್ಲಿ ತಿನ್ನಬಾರದ್ದು ಇರಕೂಡದು. ಡಬ್ಬಿಯ ಮೇಲೆ ಹೆಸರು ಬರೆಯಬೇಕು. ಎಲ್ಲಿ ತಪ್ಪಿದರೆ ಆಮೇಲೆ ತಿದ್ದಲಾಗದೋ ಆ ಜಾಗವನ್ನು ಮೊದಲೇ ಗುರುತಿಸಿ ಕಾವಲು ಹಾಕಬೇಕು. ಎಲ್ಲ ಸರಿಯಾದ ಮಾತೇ. ನಮ್ಮ ಗಾಣದಲ್ಲಿ ಆ ಜಾಗ ಕಡಾಯಿಯಲ್ಲಿರಲಿಲ್ಲ, ನಾಲಿಗೆಯ ಮೇಲಿತ್ತು ಎಂದು ನನಗೆ ಅಲ್ಲಿ ಕೂತಾಗ ಹೊಳೆಯಿತು.

"ಇನ್ನು ಮುಂದೆ ಎಣ್ಣೆ ಅನ್ನಬೇಡಿ. ಕೀಟನಾಶಕ ಅನ್ನಿ" ಎಂದರು ಅಧಿಕಾರಿ.

"ಸಾಹೇಬ್ರ, ಅಷ್ಟುದ್ದ ಹೆಸರ ಹೇಳೂದ್ರಾಗ ಬುರಗ ಉಕ್ಕಿ ಹೊಲಕ್ಕ ಹೋಗಿರತೈತಿ!" ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು.

ಮಾಮಾ ಎದ್ದು ನಿಂತ. "ಹೆಸರ ಬರದೇವಿ ಅಂತ ತಿಳೀರಿ. ಆದರೂ ತಪ್ಪಿ ಹೋಗಿಬಿಟ್ಟಿತ್ರಿ. ತಗೊಂಡ ಹೋದಾಕಿನ್ನ ಹೆಂಗ ಹುಡಕೂದು?"

"ಅದಕ್ಕೇ ಪ್ರತಿ ಪ್ಯಾಕೆಟ್ಟಿಗೂ ಬ್ಯಾಚ್ ನಂಬರ್ ಇರಬೇಕು."

"ಉಡಿಗೆ ಯಾವ ನಂಬರ್ರೀ?"

ಅಧಿಕಾರಿಗೆ ಅರ್ಥವಾಗಲಿಲ್ಲ. ನಗುತ್ತಿದ್ದವರಿಗೆ ಆಯಿತು.

ನಿಮ್ಮ ಮನೆಯನ್ನೂ ಒಮ್ಮೆ ನೋಡಿಕೊಳ್ಳಿ. ಸಿಂಕಿನ ಕೆಳಗೆ ನೀರಿನ ಬಾಟಲಿಯಲ್ಲಿ ಫಿನಾಯಿಲ್ ಇಲ್ಲವೇ? ಶರಬತ್ತಿನ ಸೀಸೆಯಲ್ಲಿ ಸೀಮೆಎಣ್ಣೆ ಇಲ್ಲವೇ? ನಮಗೆ ಏನನ್ನೂ ಎಸೆದು ಗೊತ್ತಿಲ್ಲ. ಖಾಲಿ ಡಬ್ಬಿಯ ಮೇಲೆ ಎಷ್ಟು ಪ್ರೀತಿ ನಮಗೆ!

ಅತ್ತೆ ಅಂದಿನಿಂದ ಯಾರಿಗೂ ಉಡಿ ತುಂಬಿಲ್ಲ. ಓಣಿಯ ಹುಡುಗಿಯರು ಬಸುರಾಗಿ ನಮಸ್ಕಾರಕ್ಕೆ ಬಂದರೆ ಒಳಗೆ ಹೋಗಿ ಮಲಗಿಬಿಡುತ್ತಾಳೆ. ಆದರೆ ಒಂದು ಕುಂಚಿಗೆ ಹೊಲಿಯುತ್ತಾಳೆ. ಎಳೆಗೂಸಿನ ತಲೆ, ಬೆನ್ನು ಮುಚ್ಚುವಂಥದ್ದು, ಖಣದ ಬಟ್ಟೆಯದು, ಅಂಚಿಗೆ ಕೆಂಪು ದಾರ. ಯಾರಿಗೆಂದು ನಾವು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಮೊದಲು ಹೊಲಿದಾಗ ಅದು ನನ್ನ ಅಂಗೈಯಷ್ಟಿತ್ತು. ಬಿಚ್ಚಿ ಸ್ವಲ್ಪ ದೊಡ್ಡದು ಮಾಡಿದಳು. ಅದನ್ನೂ ಮತ್ತೆ ಬಿಚ್ಚಿದ್ದಾಳೆ.

ಮೊನ್ನೆ ಹೋದಾಗ ಬಾಗಿಲ ಬೆಳಕಿಗೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಸ್ ಸ್ಟ್ಯಾಂಡಿನ ಕತೆ ಹೇಳಿ ನಗಿಸೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ಮೂರ ತಿಂಗಳ ಕೂಸಿನ ತಲಿ ಎಷ್ಟ ದೊಡ್ಡದಿರತೈತವಾ?"